ಹೊಕ್ಕುಳಬಳ್ಳಿ ಸುತ್ತಿಕೊಂಡು ಬಂದವಳು

ನಮ್ಮ ಕಡೆ ಮಗುವಿಗೆ ಮನೆಯ ಹಿರಿಯರ ಹೆಸರಿಟ್ಟರೆ ಒಂದು ಪಜೀತಿ. ತುಂಟಾಟ ಮಾಡಿದಾಗ ಆ ಹೆಸರು ಹಿಡಿದು ಬೈಯೋದು ಹೇಗೆ? ಅದಕ್ಕೇ ಪುಟ್ಟಿ, ಚಿನ್ನಿ ಅಂತ ಇನ್ನೊಂದು ಹೆಸರು ಬರುತ್ತದೆ. ನಮ್ಮ ಅಕ್ಕನಿಗೆ ಇಟ್ಟಿರುವುದು ಸಣ್ಣ ವಯಸ್ಸಿಗೇ ತೀರಿಕೊಂಡ ಮುತ್ತಜ್ಜಿಯ ಹೆಸರು. ಹೆಸರು ಬಿಟ್ಟರೆ ಆ ಮುತ್ತಜ್ಜಿಯ ಬಗ್ಗೆ ನಮಗೆ ಏನೂ ಗೊತ್ತಿಲ್ಲ.

ನೈಜೀರಿಯಾದ ಯೊರುಬಾ ಜನರದೂ ಸುಮಾರು ಹೀಗೇ. ಅಜ್ಜ ಹೋದ ಮೇಲೆ ಹುಟ್ಟಿದ ಹುಡುಗ ಬಾಬಾಟುಂಡೆ, ಅಂದರೆ 'ಅಪ್ಪ ಮತ್ತೆ ಬಂದ'. ಹುಡುಗಿಯಾದರೆ ಯೆಟುಂಡೆ. ಕೆಲವು ಮಕ್ಕಳು ಹೆಸರನ್ನು ಹುಟ್ಟುವಾಗಲೇ ತಂದುಕೊಳ್ಳುತ್ತಾರೆ. ಬೋರಲಾಗಿ ಹುಟ್ಟಿದರೆ ಅಜಾಯಿ. ಅವಳಿ ಮಕ್ಕಳಾದ ಮೇಲೆ ಹುಟ್ಟಿದರೆ ಇಡೋವು. ಹೊಕ್ಕುಳಬಳ್ಳಿ ಕೊರಳಿಗೆ ಸುತ್ತಿಕೊಂಡು ಬಂದ ಹೆಣ್ಣುಮಗು ಐನಾ.

ಅಂಥ ಒಬ್ಬ ಐನಾ 1843ರ ಸುಮಾರಿಗೆ ಹುಟ್ಟಿದಳು. 1848ರಲ್ಲಿ ನೆರೆಯ ದಹೋಮಿ ರಾಜ್ಯದ ರಾಜ ಗೆಜೊನ ಸೈನ್ಯ ಅವಳ ಊರಿನ ಮೇಲೆ ಬಿತ್ತು. ಅಪ್ಪ ಅಮ್ಮ ಸತ್ತರು, ಮಗು ಸೆರೆಯಾಯಿತು. 1850ರಲ್ಲಿ ಬ್ರಿಟಿಷ್ ನೌಕಾಪಡೆಯ ಕ್ಯಾಪ್ಟನ್ ಫೋರ್ಬ್ಸ್ ಅಲ್ಲಿಗೆ ಬಂದ. ಗುಲಾಮರ ವ್ಯಾಪಾರ ನಿಲ್ಲಿಸಿ ಎಂದು ಕೇಳಲು ಬಂದವನಿಗೆ ಗೆಜೊ ಉಡುಗೊರೆ ಕೊಟ್ಟ: ಬಟ್ಟೆ, ಕವಡೆ, ಒಂದು ಪೀಪಾಯಿ ರಮ್, ಮತ್ತೆ ಈ ಹುಡುಗಿ. ಫೋರ್ಬ್ಸ್ ತನ್ನ ಹೆಸರಿಗೆ ತನ್ನ ಹಡಗಿನ ಹೆಸರನ್ನೂ ಸೇರಿಸಿ ಅವಳಿಗೆ ಇಟ್ಟ. ಸಾರಾ ಫೋರ್ಬ್ಸ್ ಬೊನೆಟಾ. ಹಡಗಿನ ಹೆಸರು, ನೋಡಿ!

ಆಮೇಲೆ ವಿಕ್ಟೋರಿಯಾ ರಾಣಿ ಅವಳನ್ನು ಧರ್ಮಪುತ್ರಿ ಮಾಡಿಕೊಂಡಳು, ಓದಿಸಿದಳು. ಎಲ್ಲರೂ ಬರೆಯುವುದು ಇದನ್ನೇ. ನನಗೆ ರೇಗುವುದೂ ಇಲ್ಲೇ. ನಮ್ಮ ಕೊಡಗಿನ ಗೌರಮ್ಮನದೂ ಇದೇ ಕತೆ ಅಲ್ವಾ? ಚಿಕವೀರರಾಜೇಂದ್ರನ ಮಗಳು, 1852ರಲ್ಲಿ ಅದೇ ರಾಣಿಯ ಧರ್ಮಪುತ್ರಿ, 1864ರಲ್ಲಿ ಕ್ಷಯದಿಂದ ಹೋದಾಗ ಬರೀ 22 ವರ್ಷ. ಇಬ್ಬರ ವಿಷಯ ಬಂದರೂ ಮಾತು ರಾಣಿಯ ದೊಡ್ಡತನದ ಕಡೆಗೇ ಜಾರುತ್ತದೆ.

ಸಾರಾಳ ದನಿ ನನಗೆ ಕೇಳಿಸಿದ್ದು 1861ರ ಒಂದು ಪತ್ರದಲ್ಲಿ. ಜೇಮ್ಸ್ ಡೇವಿಸ್ ಎಂಬ ಯೊರುಬಾ ಮೂಲದ ವ್ಯಾಪಾರಿಗೆ ಅವಳನ್ನು ಕೊಡಬೇಕೆಂದು ಮಾತಾಗಿತ್ತು. ಆತನ ಹೆಂಡತಿ ತೀರಿಕೊಂಡಿದ್ದಳು, ವಯಸ್ಸೂ ಜಾಸ್ತಿ. ಸಾಕಿದ ಮನೆಯ ಮಿಸೆಸ್ ಶೋನ್‌ಗೆ ಅವಳು ಬರೆದದ್ದು ಇಷ್ಟು: ಒಳ್ಳೆಯ ಮನುಷ್ಯ, ಈಗ ಇಷ್ಟವಿಲ್ಲದಿದ್ದರೂ ಮುಂದೆ ಪ್ರೀತಿ ಬರುತ್ತದೆ ಅಂತ ಜನ ಹೇಳುತ್ತಾರೆ, ಅದು ನನ್ನಿಂದ ಎಂದೂ ಆಗದು. ಮದುವೆ ಆಗೇ ಆಯಿತು, 1862ರ ಆಗಸ್ಟ್ 14ರಂದು, ಬ್ರೈಟನ್ನಿನಲ್ಲಿ. ಆ ವರ್ಷ ತೆಗೆದ ಫೋಟೋಗಳು ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯಲ್ಲಿವೆ. ಅವಳ ಮುಖದಲ್ಲಿ ನಗುವಿಲ್ಲ. ಆ ಕಾಲದಲ್ಲಿ ಫೋಟೋಗೆ ಯಾರೂ ನಗುತ್ತಿರಲಿಲ್ಲ ಬಿಡಿ, ಸುಮ್ನೆ ಅರ್ಥ ಹಚ್ಚಬಾರದು.

ಲಾಗೋಸ್‌ನಲ್ಲಿ ಸಂಸಾರ, ಮೂರು ಮಕ್ಕಳು. ಹಿರಿಯವಳಿಗೆ ಇಟ್ಟದ್ದು ರಾಣಿಯ ಹೆಸರು, ವಿಕ್ಟೋರಿಯಾ. ಕ್ಷಯ ಅಂಟಿಕೊಂಡ ಮೇಲೆ ಹವಾ ಬದಲಾವಣೆಗೆ ಮದೀರಾ ದ್ವೀಪಕ್ಕೆ ಹೋದ ಸಾರಾ ಅಲ್ಲೇ 1880ರ ಆಗಸ್ಟ್ 15ರಂದು ತೀರಿಕೊಂಡಳು. ಮದುವೆಯಾಗಿ ಹದಿನೆಂಟು ವರ್ಷ, ಮೇಲೊಂದು ದಿನ. ಅವಳಿಗೆ 37. ಡೇವಿಸ್ ಆಗ ಇಜೋನ್ ಎಂಬಲ್ಲಿ ಕೋಕೋ ತೋಟ ಮಾಡುತ್ತಿದ್ದ, ಪಶ್ಚಿಮ ಆಫ್ರಿಕಾದಲ್ಲಿ ಕೋಕೋ ಬೆಳೆದ ಮೊದಲಿಗರಲ್ಲಿ ಒಬ್ಬ. ಅಲ್ಲೇ ಹೆಂಡತಿಯ ನೆನಪಿಗೆ ಎಂಟು ಅಡಿಗೂ ಎತ್ತರದ ಕಲ್ಲು ನಿಲ್ಲಿಸಿದ. ಅದರ ಮೇಲಿನ ಹೆಸರೂ ಸಾರಾ ಫೋರ್ಬ್ಸ್ ಬೊನೆಟಾ.

ಅಮ್ಮ ಸತ್ತಾಗ ಕಿರಿಯವಳು ಸ್ಟೆಲ್ಲಾಗೆ ಏಳರ ಆಸುಪಾಸು. ಮುಂದೆ ಸ್ಟೆಲ್ಲಾಗೂ ನೈಜೀರಿಯಾದ ರಾಷ್ಟ್ರೀಯ ನಾಯಕ ಹರ್ಬರ್ಟ್ ಮೆಕಾಲೆಗೂ ಒಬ್ಬ ಮಗಳು ಹುಟ್ಟಿದಳು. ಮಗುವಿಗೆ ಇಟ್ಟ ಹೆಸರು ಸಾರಾ ಅಬಿಗೇಲ್ ಇಡೋವು. ಸಾರಾ ತಾಯಿಯ ತಾಯಿ, ಅಬಿಗೇಲ್ ತಂದೆಯ ತಾಯಿ. ಬಿಳಿಯರು ಇಟ್ಟ ಹೆಸರು ಅಷ್ಟು ಹೊತ್ತಿಗೆ ಅಜ್ಜಿಯ ಹೆಸರಾಗಿತ್ತು. ಆ ಮೊಮ್ಮಗಳ ಮಗ ಬಾಬಾಟುಂಡೆ. ಬಾಬಾಟುಂಡೆಯ ಮಗಳು ಡಾಕ್ಟರ್ ಅಮೆಯೊ ಸ್ಟೆಲ್ಲಾ ಅಡಾಡೆವೊ. 2014ರಲ್ಲಿ ಲೈಬೀರಿಯಾದಿಂದ ಬಂದ ಎಬೋಲಾ ರೋಗಿಯನ್ನು, ಮೇಲಿಂದ ಎಷ್ಟೇ ಒತ್ತಡ ಬಂದರೂ, ಆಸ್ಪತ್ರೆಯಿಂದ ಹೊರಗೆ ಬಿಡದೆ ತಡೆದವರು ಇವರೇ. ನೈಜೀರಿಯಾದಲ್ಲಿ ರೋಗ 20 ಜನರಿಗೇ ನಿಂತಿತು. ಸತ್ತ ಎಂಟು ಜನರಲ್ಲಿ ಅವರೂ ಒಬ್ಬರು.

ನಿನ್ನೆ ಅಕ್ಕನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಮುತ್ತಜ್ಜಿಗೆ ಏನಾಗಿತ್ತಂತೋ?" ಅಂದಳು. ದೊಡ್ಡಪ್ಪನಿಗೆ ಗೊತ್ತಿರಬಹುದು. ಅವರಿಗೀಗ ಎಂಬತ್ತಾರು. ಭಾನುವಾರ ಹೋಗಿ ಕೇಳಬೇಕು.