ಒಂದು ಸೈಜ್ ದೊಡ್ಡದೇ ಇರಲಿ ಭಾವ

ಬೈಕಿನ ಮುಂದಿನ ಟೈರ್ ಸವೆದಿತ್ತು. ಬದಲಾಯಿಸಬೇಕಿತ್ತು. ಇದರಲ್ಲಿ ತಲೆ ಕೆಡಿಸಿಕೊಳ್ಳೋಕೆ ಏನೂ ಇರಲಿಲ್ಲ. 90/90-17 ಅಂತ ಟೈರಿನ ಪಕ್ಕದಲ್ಲೇ ಉಬ್ಬಿದ ಅಕ್ಷರದಲ್ಲಿ ಬರೆದಿರುತ್ತೆ. ಅದನ್ನು ಓದಿ ಹೇಳಿದರೆ ಅದನ್ನೇ ಕೊಡುತ್ತಾರೆ. ಆದರೆ ಅವತ್ತು ನನಗೆ ಪುರುಸೊತ್ತಿರಲಿಲ್ಲ. ಗಾಡಿ ತಗೊಂಡು ಹೋದವನು ನನ್ನ ಭಾವಮೈದ.

ಅವನ ಪ್ರಕಾರ ಈ ಲೋಕದಲ್ಲಿ ಯಾವ ವಸ್ತುವೂ ಸರಿಯಾದ ಅಳತೆಯಲ್ಲಿ ಇರಬಾರದು. "ಒಂದು ಸೈಜ್ ದೊಡ್ಡದೇ ಇರಲಿ ಭಾವ, ಒಳ್ಳೇದು." ಅವನು ತಂದ ಚಪ್ಪಲಿ ಹಾಕಿಕೊಂಡರೆ ಹಿಮ್ಮಡಿಯ ಹಿಂದೆ ಇನ್ನೊಂದು ಬೆರಳು ಜಾಗ ಖಾಲಿ. ಅವನು ಹೊಲಿಸಿಕೊಟ್ಟ ಕರ್ಟನ್ ನಮ್ಮ ಮನೆಯ ನೆಲ ಗುಡಿಸುತ್ತದೆ. ಬಾಗಿಲಿಗೆ ಅಂತ ತಂದ ಬೀಗದ ಕೊಂಡಿ ಚಿಲಕದ ತೂತಿಗೆ ಹೋಗುವುದೇ ಇಲ್ಲ. ಅದು ಈಗ ಟೇಬಲ್ ಮೇಲೆ ಪೇಪರ್ ಹಾರದಂತೆ ಕಾಯುತ್ತಿದೆ. ಯಾಕೋ ಹೀಗೆ ಅಂತ ಕೇಳಿದರೆ, "ಚಿಕ್ಕದಾದ್ರೆ ಏನೂ ಮಾಡೋಕಾಗಲ್ಲ ಭಾವ, ದೊಡ್ಡದಾದ್ರೆ ಅಡ್ಜಸ್ಟ್ ಮಾಡ್ಬಹುದು" ಅನ್ನುತ್ತಾನೆ. ಅಡ್ಜಸ್ಟ್ ಮಾಡಿಕೊಳ್ಳುವವರು ಯಾವಾಗಲೂ ನಾವು.

ಸಂಜೆ ಗಾಡಿ ತಂದು ನಿಲ್ಲಿಸಿದ. ಮುಂದಿನ ಚಕ್ರವನ್ನು ಅಂಗೈಯಲ್ಲಿ ತಟ್ಟಿ, "ನೋಡಿ, ಹೇಗೆ ತುಂಬ್ಕೊಂಡಿದೆ!" ಅಂದ. ಬಗ್ಗಿ ನೋಡಿದೆ. 100/90-17.

ಈ ನಂಬರುಗಳ ಆಟ ನಿಮಗೂ ಗೊತ್ತೇ ಇರುತ್ತೆ. ಮೊದಲನೆಯದು ಅಗಲ, ಮಿಲಿಮೀಟರಿನಲ್ಲಿ. ಕೊನೆಯದು ರಿಮ್, ಇಂಚಿನಲ್ಲಿ. ನಡುವಿನದು ರಿಮ್ಮಿನ ಅಂಚಿನಿಂದ ಮೇಲಕ್ಕೆ ಟೈರಿನ ಎತ್ತರ. ಆದರೆ ಅದು ಮಿಲಿಮೀಟರೂ ಅಲ್ಲ, ಇಂಚೂ ಅಲ್ಲ, ಅಗಲದ ಮೇಲಿನ ಪರ್ಸೆಂಟು. ಮನೆ ಹಾಳು ಮಾಡೋದು ಇದೇ. ಹಳೇ ಟೈರಿನ ಎತ್ತರ 90ಕ್ಕೆ 90 ಪರ್ಸೆಂಟ್, ಅಂದ್ರೆ 81 ಮಿಲಿಮೀಟರ್. ಹೊಸದು 100ಕ್ಕೆ 90 ಪರ್ಸೆಂಟ್, ಅಂದ್ರೆ 90. ದಪ್ಪ ಮಾಡಲು ಹೋಗಿ ಎತ್ತರವೂ 9 ಮಿಲಿಮೀಟರ್ ಬೆಳೆದಿದೆ. ಮಡ್‌ಗಾರ್ಡ್ ಮಾತ್ರ ಇದ್ದಲ್ಲೇ ಇದೆ, ಪಾಪ.

"ದಪ್ಪಾನೇ ಬೇಕಿದ್ರೆ 100/80 ಹಾಕಿಸ್ಬೇಕಿತ್ತು ಕಣೋ. ಎತ್ತರ 80 ಬರೋದು, ಹಳೇದಕ್ಕೂ ಅದಕ್ಕೂ ಒಂದೇ ಮಿಲಿಮೀಟರ್ ವ್ಯತ್ಯಾಸ."

"ಅಂಗಡಿಯವರೂ ಅದನ್ನೇ ತೋರಿಸಿದ್ರು ಭಾವ. ನಾನೇ ಬೇಡ ಅಂದೆ. 90 ಇದ್ದಿದ್ದು 80 ಆದ್ರೆ ಇಳಿದಂಗೆ ಅಲ್ವಾ?"

ಇದಕ್ಕೆ ಏನಂತ ಉತ್ತರ ಕೊಡೋದು? ಪೇಪರ್ ತಗೊಂಡು ಚಕ್ರದ ಚಿತ್ರ ಬರೆದು ತೋರಿಸಿದೆ. ಅವನು ಎಲ್ಲಾ ಗಮನವಿಟ್ಟು ಕೇಳಿ, ಕೊನೆಗೆ ಚಿತ್ರದ ಚಕ್ರ ಸ್ವಲ್ಪ ಸಣ್ಣದಾಯ್ತು ಅಂದ.

ಅವತ್ತಿನಿಂದ ಗಾಡಿ ನಿಧಾನಕ್ಕೆ ಹೋದರೆ ಸರಸರ, ಜೋರಾಗಿ ಹೋದರೆ ಝುಂಯ್ ಅನ್ನುತ್ತಿದೆ. ಹೊಸ ಟೈರಿನ ಮೈಮೇಲೆ ರಬ್ಬರಿನ ಸಣ್ಣ ಸಣ್ಣ ಕೂದಲು ಇರುತ್ತಲ್ಲ, ಅದು ಮಡ್‌ಗಾರ್ಡಿನ ಒಳಗನ್ನು ಸವರಿಕೊಂಡು ಹೋಗುವ ಸದ್ದು. "ಕೂದಲು ಉದುರೋ ತನಕ ಅಷ್ಟೇ" ಅಂತ ಧೈರ್ಯ ಹೇಳಿದ. ಕೂದಲು ಉದುರಿತು. ಈಗ ಟೈರಿನ ಗೀರುಗಳಲ್ಲಿ ಜಲ್ಲಿ ಚೂರು ಸಿಕ್ಕಿಕೊಂಡು ಟಕ್ ಟಕ್ ಟಕ್ ಅಂತ ಬಡಿಯುತ್ತದೆ. ಪಕ್ಕದಲ್ಲಿ ಹೋಗುವವರು ಮೊದಲು ತಮ್ಮ ಚಕ್ರ ನೋಡಿಕೊಳ್ಳುತ್ತಾರೆ, ಆಮೇಲೆ ನನ್ನ ಮುಖ ನೋಡುತ್ತಾರೆ. ಮಳೆ ಬಂದು ಕೆಸರು ತುಂಬಿಕೊಂಡರೆ ಏನು ಗತಿ ಅಂತ ಯೋಚಿಸೋಕೂ ಭಯ.

ಸ್ಪೀಡೋಮೀಟರಿನ ಕಥೆ ಬೇರೆ. ನನ್ನ ಗಾಡಿಯಲ್ಲಿ ಅದು ಮುಂದಿನ ಚಕ್ರದ ಸುತ್ತು ಎಣಿಸುತ್ತದೆ. ಚಕ್ರ ದೊಡ್ಡದಾದರೆ ಒಂದೊಂದು ಸುತ್ತಿಗೂ ಗಾಡಿ ಸ್ವಲ್ಪ ಜಾಸ್ತಿ ದೂರ ಹೋಗುತ್ತೆ, ಮೀಟರಿಗೆ ಅದು ಗೊತ್ತಾಗೋದಿಲ್ಲ. ಇಲ್ಲಿ ಸುಮಾರು 3 ಪರ್ಸೆಂಟ್ ಮೋಸ. ಮುಳ್ಳು 60 ತೋರಿಸುವಾಗ ಹಳೇ ಲೆಕ್ಕದಲ್ಲಿ 62ರ ಹತ್ತಿರ ಇರುತ್ತೇನೆ. ಇದನ್ನು ಹೇಳಿದ್ದಕ್ಕೆ ಅವನ ಮುಖ ಅರಳಿತು. "ಅಂದ್ರೆ ಅಷ್ಟೇ ಓಡಿದ್ರೂ ಕಿಲೋಮೀಟರ್ ಕಮ್ಮಿ ತೋರಿಸುತ್ತೆ! ಮಾರುವಾಗ ಲಾಭ ಅಲ್ವಾ ಭಾವ?"

ಬೇಜಾರಾಗೋದು ತಿರುವಿನಲ್ಲಿ. ಮೊದಲು ಗಾಡಿ, ನಾನು ನೋಡಿದ ಕಡೆ ತಾನಾಗೇ ವಾಲುತ್ತಿತ್ತು. ಈಗ ಹ್ಯಾಂಡಲ್ ಹಿಡಿದು ಒಪ್ಪಿಸಬೇಕು.

ಬೈಯೋಣ ಅಂತ ಹೊರಟಾಗ ಹೆಂಡತಿ ತಡೆದಳು. ಚಿಕ್ಕವನಿದ್ದಾಗ ಅವನಿಗೆ ಯೂನಿಫಾರ್ಮ್ ಯಾವಾಗಲೂ ದೊಡ್ಡ ಅಳತೆಯದೇ ತರುತ್ತಿದ್ದರಂತೆ, ಬೆಳೆಯುವ ಹುಡುಗ ಅಂತ. ಮೈಗೆ ಸರಿಹೊಂದುವಷ್ಟರಲ್ಲಿ ಅದು ಹರಿದಿರುತ್ತಿತ್ತು. ಹೊಸ ಬಟ್ಟೆ ಮೈಗೆ ಸರಿಯಾಗಿ ಕೂರುತ್ತೆ ಅನ್ನೋದನ್ನೇ ಅವನು ನೋಡಿರಲಿಲ್ಲವಂತೆ. ಸುಮ್ನಾದೆ.

ಓಡಿಸಿದ ಟೈರನ್ನು ಅಂಗಡಿಯವರು ವಾಪಸ್ ತಗೊಳ್ಳಲ್ಲ. ಅವನೇ ಬಂದು, ಮಡ್‌ಗಾರ್ಡ್ ಎತ್ತೋಕೆ ಅಂತ ಬೋಲ್ಟಿಗೆ ವಾಷರ್ ಸೇರಿಸಿದ. ವಾಷರೂ ಒಂದು ಸೈಜ್ ದೊಡ್ಡದು. ಟಕ್ ಟಕ್ ಜೊತೆಗೆ ಈಗ ಗಡಗಡವೂ ಶುರುವಾಗಿದೆ. ನಾನೇ ಹೋಗಿ 90/90-17ಕ್ಕೆ ಹೇಳಿ ಬಂದಿದ್ದೇನೆ.

ನಿನ್ನೆ ಫೋನ್ ಮಾಡಿದ್ದ. "ಭಾವ, ನಿಮ್ಮ ಹೆಲ್ಮೆಟ್ ಯಾಕೋ ಬಿಗಿ ಇದ್ದಂಗೆ ಕಾಣುತ್ತೆ. ಹೊಸದು ತಂದ್ಬಿಡ್ಲಾ?"