ನಾಯಿಯ ಉಣುಗಿನ ಔಷಧಿ ಬೆಕ್ಕಿಗೆ ವಿಷ
ಆಶ್ರಯಧಾಮದಿಂದ ತಂದ ನಾಯಿ, ಬೆಕ್ಕುಗಳಿಗೆ ‘ಉಣುಗಿನ ಔಷಧಿ ಹಾಕಿಸಿ’ ಎಂದು ಒಂದೇ ಸಾಲಲ್ಲಿ ಹೇಳಿ ಮುಗಿಸುವುದುಂಟು. ಮೂಡಿಗೆರೆ, ಸಕಲೇಶಪುರದ ಕಡೆ ತೋಟದ ಮನೆಯಲ್ಲಿ ಎರಡನ್ನೂ ಒಟ್ಟಿಗೆ ಸಾಕುವವರಿಗೆ ಅಷ್ಟು ಸಾಲದು. ನಾಯಿಯ ಬೆನ್ನಿಗೆ ಬಿಡುವ ಕೆಲವು ಹನಿ ಔಷಧಿಗಳಲ್ಲಿ ಪರ್ಮೆಥ್ರಿನ್ ಎಂಬ ಕೀಟನಾಶಕ ಇರುತ್ತದೆ. ಬೆಕ್ಕಿನ ಯಕೃತ್ತಿಗೆ ಅದನ್ನು ಬೇಗ ಕರಗಿಸಿ ಹೊರಹಾಕಲು ಬರುವುದಿಲ್ಲ. ಮೈ ಅದುರಿ, ಫಿಟ್ಸ್ ಬಂದು ಜೀವವೇ ಹೋಗಬಹುದು. ಹಚ್ಚಿದ ನಾಯಿಯನ್ನು ನೆಕ್ಕಿದರೂ, ಅದಕ್ಕೆ ಒರಗಿ ಮಲಗಿದರೂ ಅಪಾಯವೇ. ಆದ್ದರಿಂದ ನಾಯಿ ತರುವಾಗಲೇ ಯಾವ ಔಷಧಿ, ಯಾವ ದಿನ ಹಾಕಿದ್ದಾರೆ ಎಂದು ಕೇಳಿ ಬರೆದುಕೊಳ್ಳಿ. ಬೆಕ್ಕಿಗೆ ತಾಗಿಬಿಟ್ಟರೆ ಪಾತ್ರೆ ತೊಳೆಯುವ ಸೋಪು, ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ಒರೆಸಿ, ತಡಮಾಡದೆ ಪಶುವೈದ್ಯರಲ್ಲಿಗೆ ಒಯ್ಯಿರಿ.

ಬೆಕ್ಕಿರುವ ಮನೆಯಲ್ಲಿ ನಾಯಿಗೆ ಫ್ಲುರಾಲನರ್ ಎಂಬ, ಉಣುಗು ಕೊಲ್ಲುವ ಮಾತ್ರೆ ವಾಸಿ. ತೂಕಕ್ಕೆ ತಕ್ಕ ಮಾತ್ರೆ 8ರಿಂದ 12 ವಾರ ಕೆಲಸ ಮಾಡುತ್ತದೆ. ನಾಯಿಗೆ ಹಿಂದೆ ಫಿಟ್ಸ್ ಬಂದಿದ್ದರೆ ವೈದ್ಯರಿಗೆ ಮೊದಲೇ ಹೇಳಬೇಕು.

ಮಾತ್ರೆ ಕೊಟ್ಟರೂ ತೋಟದಿಂದ ಬಂದ ಕೂಡಲೇ ಕಿವಿಯೊಳಗೆ, ಬೆರಳ ಸಂದಿಯಲ್ಲಿ, ಕೊರಳ ಪಟ್ಟಿಯಡಿ ತಡವಿ ನೋಡಿ. ಉಣುಗನ್ನು ಚಿಮಟದಿಂದ ಚರ್ಮದ ಹತ್ತಿರವೇ ಹಿಡಿದು ನೇರಕ್ಕೆ ಎಳೆಯಿರಿ. ಸೀಮೆಎಣ್ಣೆ, ಬೆಂಕಿಕಡ್ಡಿ ಖಂಡಿತ ಬೇಡ. ಆಮೇಲೆ ನಾಯಿ ಊಟ ಬಿಟ್ಟು, ಜ್ವರ ಬಂದು, ಒಸಡು ಬಿಳಿಚಿದರೆ ಉಣುಗಿನಿಂದ ರೋಗ ತಗುಲಿರಬಹುದು; ಅದೇ ದಿನ ರಕ್ತಪರೀಕ್ಷೆ ಮಾಡಿಸಿ.