ಎದ್ದು ನಿಲ್ಲಬೇಡಿ ಸಾರ್

ರಂಗನತಿಟ್ಟಿನಲ್ಲಿ ದೋಣಿ ದಡ ಬಿಟ್ಟು ಹತ್ತು ಮಾರು ಹೋಗಿರುವುದಿಲ್ಲ, ಹುಟ್ಟು ಹಾಕುವವರ ಬಾಯಿಂದ ಮೊದಲ ಮಾತು ಬರುತ್ತದೆ: ‘ಎದ್ದು ನಿಲ್ಲಬೇಡಿ ಸಾರ್.’ ಎರಡನೆಯದು, ‘ಕೈ ನೀರಿಗೆ ಬಿಡಬೇಡಿ ಅಕ್ಕಾ.’ ಪಕ್ಷಿಧಾಮದ ಕಾನೂನು ಪುಸ್ತಕ ಎಷ್ಟೇ ದಪ್ಪವಿರಲಿ, ದೋಣಿಯ ಮಟ್ಟಿಗೆ ಇಷ್ಟೇ. ಎರಡನೆಯ ಮಾತಿಗೆ ಕಾರಣ ಕೇಳುವವರಿಲ್ಲ. ಅದು ಎದುರು ಬಂಡೆಯ ಮೇಲೆ ಬಾಯಿ ತೆರೆದುಕೊಂಡು ಮಲಗಿರುತ್ತದೆ. (ಮೊಸಳೆ ಬಾಯಿ ತೆರೆಯುವುದು ನಮ್ಮನ್ನು ಕಂಡಲ್ಲ. ಬಿಸಿಲಿಗೆ ಮೈ ಕಾದಾಗ ಒಳಗಿನ ಸೆಕೆ ಕಳೆಯಲು ಅದಕ್ಕಿರುವ ದಾರಿಗಳಲ್ಲಿ ಅದೂ ಒಂದು. ನಾಯಿ ನಾಲಿಗೆ ಚಾಚಿದ ಹಾಗೆ.) ಜನ ಸುಲಭಕ್ಕೆ ಕೇಳದಿರುವುದು ಮೊದಲನೆಯ ಮಾತನ್ನು.

ಎಡಕ್ಕೊಂದು ಹೆಜ್ಜಾರ್ಲೆ (ಪೆಲಿಕನ್) ಕಂಡಿತೆನ್ನಿ. ಎಡಗಡೆಯವರು ಮೊಬೈಲ್ ಚಾಚುತ್ತಾರೆ. ಬಲಗಡೆಯವರಿಗೆ ಎಡಗಡೆಯವರ ತಲೆ ಮಾತ್ರ ಕಾಣುವುದರಿಂದ ಅವರು ಅರ್ಧ ಏಳುತ್ತಾರೆ. ದೋಣಿ ಎಡಕ್ಕೆ ವಾಲುತ್ತದೆ. ಹುಟ್ಟು ಹಾಕುವವರು ಕೈ ನಿಲ್ಲಿಸುತ್ತಾರೆ, ಹೊಳೆ ದೋಣಿಯನ್ನು ಅಡ್ಡಕ್ಕೆ ತಿರುಗಿಸುತ್ತದೆ, ಎಲ್ಲರ ಫೋಟೋದಲ್ಲೂ ಎಲೆಯೂ ಹಕ್ಕಿಯೂ ಕಲಸಿದನ್ನ. ಸುಮ್ಮನೆ ಕೂತಿದ್ದರೆ ಹಕ್ಕಿ ತಾನಾಗಿಯೇ ಹತ್ತಿರ ಬರುತ್ತಿತ್ತು. ಅಂದರೆ ಹಕ್ಕಿಯಲ್ಲ, ದೋಣಿ.

ಹಕ್ಕಿಗಳು ನಮ್ಮನ್ನು ಇಷ್ಟು ಹತ್ತಿರ ಬಿಟ್ಟುಕೊಳ್ಳುವುದು ದೋಣಿ ದಿನವೂ ಅದೇ ದಾರಿಯಲ್ಲಿ, ಅದೇ ನಿಧಾನದಲ್ಲಿ ಬರುತ್ತದೆಂದು. ಕುಳಿತ ಹತ್ತು ಹನ್ನೆರಡು ಜನ ಅವಕ್ಕೆ ತೇಲಿಬಂದ ಒಂದು ದಿಮ್ಮಿ. ಒಬ್ಬ ಎದ್ದನೋ, ದಿಮ್ಮಿಗೆ ಕೈಕಾಲು ಮೂಡಿತು. ಗೂಡಿನ ಮೇಲಿದ್ದ ತಾಯಿ ಹಾರಿದರೆ ಏಪ್ರಿಲ್ ಬಿಸಿಲು ಪುಕ್ಕ ಬಾರದ ಮರಿಯನ್ನು ಸುಡಲು ಬಹಳ ಹೊತ್ತು ಬೇಕಿಲ್ಲ. ಅಷ್ಟರೊಳಗೆ ಕಾಗೆಗೂ ಹದ್ದಿಗೂ ಸುದ್ದಿ ಮುಟ್ಟಿರುತ್ತದೆ.

ತಿಟ್ಟು ಎಂದರೆ ದಿಬ್ಬ. ಯಕ್ಷಗಾನದವರಿಗೆ ಬೇರೆಯೇ ತಿಟ್ಟುಗಳಿವೆ, ಅದಿರಲಿ. ಕಂಠೀರವ ನರಸರಾಜ ಒಡೆಯರು 1640ರ ದಶಕದಲ್ಲಿ ಕಾವೇರಿಗೆ ಅಡ್ಡಲಾಗಿ ಅಣೆ ಕಟ್ಟಿಸಿದ್ದರಿಂದ ನೀರು ನಿಂತು, ನಡುವೆ ಉಳಿದ ಏರು ನೆಲವೇ ಈ ದ್ವೀಪಗಳು. ಅವರ ಲೆಕ್ಕದಲ್ಲಿ ಹಕ್ಕಿ ಇದ್ದಿರಲಾರದು. ಸುತ್ತ ನೀರಿದ್ದರೆ ಬೆಕ್ಕು, ನಾಯಿ, ನರಿ ಗೂಡಿಗೆ ಬರುವುದಿಲ್ಲವೆಂಬ ಲೆಕ್ಕ ಕೊಕ್ಕರೆಗಳದು. ಪಕ್ಷಿತಜ್ಞ ಸಲೀಂ ಅಲಿ ಇದನ್ನು ಕಂಡು ಮೈಸೂರು ಅರಸರಿಗೆ ಹೇಳಿದರು, 1940ರಲ್ಲಿ ಪಕ್ಷಿಧಾಮವಾಯಿತು. 2022ರಲ್ಲಿ ಜಗತ್ತಿನ ಮಹತ್ವದ ಜೌಗುನೆಲೆಗಳ ರಾಮ್ಸರ್ ಪಟ್ಟಿ ಸೇರಿತು, ಕರ್ನಾಟಕದಿಂದ ಮೊದಲನೆಯದಾಗಿ. ಪಕ್ಷಿಧಾಮದ ವಿಸ್ತೀರ್ಣ ಮಾತ್ರ ಒಂದು ಚದರ ಕಿಲೋಮೀಟರೂ ಇಲ್ಲ. ಇಷ್ಟು ಜಾಗದಲ್ಲಿ ಅಷ್ಟೊಂದು ಹಕ್ಕಿಗೆ ಊಟ ಎಲ್ಲಿಂದ? ಇಲ್ಲಿರುವುದು ಹೆಚ್ಚಾಗಿ ತೊಟ್ಟಿಲು. ಅಡುಗೆಮನೆ ಸುತ್ತಲಿನ ಕೆರೆ, ನಾಲೆ, ಭತ್ತದ ಗದ್ದೆಗಳಲ್ಲಿದೆ. ಧಾಮಕ್ಕೆ ಬೇಲಿ ಹಾಕಿ ಗದ್ದೆಗೆ ವಿಷ ಹೊಡೆದರೆ ತೊಟ್ಟಿಲು ತೂಗಿದ್ದೂ ದಂಡ.

ಮಧ್ಯಾಹ್ನದ ದೋಣಿಯನ್ನು ಜನ ಬೈಯುತ್ತಾರೆ. ಬೆಳಗ್ಗೆಯೇ ಒಳ್ಳೆಯದು, ನಿಜ. ಆದರೆ ಬಣ್ಣದ ಕೊಕ್ಕರೆಯ ಸಂಸಾರ ಕಾಣುವುದು ಸುಡುಬಿಸಿಲಿನಲ್ಲೇ. ಒಂದು ಹಕ್ಕಿ ಸೂರ್ಯನಿಗೆ ಬೆನ್ನು ಕೊಟ್ಟು ರೆಕ್ಕೆಯನ್ನು ಅರೆ ಬಿಚ್ಚಿ ನಿಲ್ಲುತ್ತದೆ. ಮರಿಗಳು ಆ ನೆರಳಿಗೆ ಸರಿದುಕೊಳ್ಳುತ್ತವೆ. ಇನ್ನೊಂದು ಬಂದು ಬಗ್ಗಿ ಗಂಟಲಿನಿಂದ ಮೀನನ್ನು ಗೂಡಿನ ಹಾಸಿನ ಮೇಲೆ ಕಕ್ಕುತ್ತದೆ. ಬಾಯಿಗಿಡುವ ಮುದ್ದೆಲ್ಲ ಇಲ್ಲ, ಗಟ್ಟಿಗನಿಗೆ ಮೊದಲ ತುತ್ತು. ಸೆಕೆ ಹೆಚ್ಚಾದರೆ ಕೊಕ್ಕಿನಲ್ಲಿ ತಂದ ನೀರನ್ನೂ ಮರಿಗಳ ಮೇಲೆ ಸುರಿಯುತ್ತದೆ. ತನ್ನ ಕಾಲಿಗೆ ಮಾತ್ರ ಬೇರೆ ಏರ್ಪಾಡು: ತಾನೇ ಅದರ ಮೇಲೆ ಹಿಕ್ಕೆ ಹಾಕಿಕೊಳ್ಳುತ್ತದೆ, ಅದು ಆರುತ್ತಾ ಕಾಲು ತಂಪಾಗುತ್ತದೆ. ಸುಣ್ಣ ಬಳಿದ ಹಾಗಿರುವ ಆ ಕಾಲಿನ ಗುಟ್ಟು ಇದು. ಇಷ್ಟೆಲ್ಲ ಗದ್ದಲದಲ್ಲಿ ದೊಡ್ಡ ಹಕ್ಕಿಗೆ ದನಿಯೇ ಇಲ್ಲದಂತೆ. ಬೇಕೆಂದರೆ ಕೊಕ್ಕನ್ನು ಟಕಟಕ ಬಡಿಯುತ್ತದೆ. ಅರಚುವುದೆಲ್ಲ ಮರಿಗಳೇ.

ಪಕ್ಕದ ಗೂಡಿನ ಬಾಯ್ಕಳಕ ಕೊಕ್ಕರೆಯದು ಅಡಕೆಕತ್ತರಿಯಂಥ ಕೊಕ್ಕು, ಮುಚ್ಚಿದರೂ ನಡುವೆ ಸಂದು. ಬಸವನಹುಳುವಿನ ಚಿಪ್ಪಿನೊಳಗಿಂದ ಮಾಂಸ ಎಳೆಯುವ ಕಸುಬಿಗೆ ಹೇಳಿ ಮಾಡಿಸಿದ ಹತಾರು. ಮರಿಯ ಕೊಕ್ಕು ನೆಟ್ಟಗೇ ಇರುತ್ತದೆ. ಸಂದು ಬೆಳೆಯುತ್ತಾ ಬರುವಂಥದ್ದು.

ಸಲಕರಣೆಯ ಮಾತು ಬಂದರೆ, ಎಂಟು ಪಟ್ಟು ಹಿಗ್ಗಿಸಿ ತೋರಿಸುವ 8x42ರ ಬೈನಾಕ್ಯುಲರ್ ಸಾಕು. 10x ತಂದವರಿಗೆ ಹಕ್ಕಿಯ ಜೊತೆ ದೋಣಿಯ ಕುಲುಕೂ ದೊಡ್ಡದಾಗಿ ಕಾಣುತ್ತದೆ. ಟ್ರೈಪಾಡ್ ದೋಣಿಯಲ್ಲಿ ದಂಡ, ಅದರ ಕಾಲೂ ದೋಣಿಯ ಮೇಲೇ ಅಲ್ಲವೇ. ಮೊಣಕೈಯನ್ನು ಪಕ್ಕೆಗೆ ಒತ್ತಿ, ಶಟರ್ ವೇಗ 1/1000 ಸೆಕೆಂಡಿಗಿಂತ ಕೆಳಗಿಳಿಸದೆ ತೆಗೆಯಬೇಕು. ಬಿಸಿಲಿನಲ್ಲಿ ಬಿಳಿ ಹಕ್ಕಿಯಾದರೆ ಎಕ್ಸ್‌ಪೋಶರನ್ನು ಒಂದು ಸ್ಟಾಪ್, ಅಂದರೆ ಬೆಳಕನ್ನು ಅರ್ಧಕ್ಕೆ, ತಗ್ಗಿಸಿ. ಇಲ್ಲದಿದ್ದರೆ ಬೆಳ್ಳಕ್ಕಿಯ ಜಾಗದಲ್ಲಿ ಬೆಳ್ಳಕ್ಕಿಯಾಕಾರದ ತೂತು ಸಿಗುತ್ತದೆ. ಅಗಲ ಅಂಚಿನ ಟೋಪಿ ಬೇಕೇ ಬೇಕು. ಬಿಸಿಲಿಗೆಂದು ಹೇಳುವುದು ವಾಡಿಕೆ, ಆದರೆ ಮರದ ಕೆಳಗೆ ಹಾದಾಗ ನಿಜವಾದ ಕಾರಣ ಮೇಲಿನಿಂದ ಬೀಳುತ್ತದೆ.

ಮಳೆಗಾಲದಲ್ಲಿ ಪತ್ರಿಕೆಯ ಒಂದೇ ಪುಟದಲ್ಲಿ ಎರಡು ಸುದ್ದಿ ಅಕ್ಕಪಕ್ಕ ಬರುವುದುಂಟು. ಕೆಆರ್‌ಎಸ್ 124.80 ಅಡಿ ಮುಟ್ಟಿತು, ರಂಗನತಿಟ್ಟಿನಲ್ಲಿ ದೋಣಿ ನಿಂತಿತು. ಮೇಲಿನ ಅಣೆಕಟ್ಟು ತುಂಬಿದರೆ ನೀರು ಬರುವುದು ಇಲ್ಲಿಗೇ. ಹೊರಡುವ ಮುನ್ನ ಹೊರಹರಿವು ಎಷ್ಟೆಂದು ನೋಡಿಕೊಳ್ಳಿ. ದೋಣಿ ಇಲ್ಲವೆಂದು ಗೇಟಿನಲ್ಲಿ ಜಗಳವಾಡಿದರೆ ಕಾವೇರಿ ಇಳಿಯುವುದಿಲ್ಲ. ನಮಗೆ ತಪ್ಪುವುದು ಒಂದು ಸವಾರಿ. ನದಿ ರೀವ (ರಿವರ್ ಟರ್ನ್) ಹಕ್ಕಿಗಳ ಪಾಡು ಬೇರೆ. ಅವು ಬೇಸಿಗೆಯಲ್ಲಿ ಬರೀ ಬಂಡೆಯ ಮೇಲೆ, ಹುಲ್ಲುಕಡ್ಡಿಯ ಆಸರೆಯೂ ಇಲ್ಲದೆ ಮೊಟ್ಟೆ ಇಡುತ್ತವೆ. ಬೇಸಿಗೆಯೆಂದು ನಂಬಿ ಇಟ್ಟ ಮೊಟ್ಟೆಗೆ, ಮೇಲೆ ಗೇಟು ಎತ್ತಿ ನೀರು ಒಂದೆರಡು ಅಡಿ ಏರಿದರೆ ಸಾಕು. ದೊಡ್ಡ ನೆರೆ ತಿಟ್ಟಿನ ಅಂಚನ್ನೇ ಕೊರೆಯುತ್ತದೆ, ಗೂಡು ಹೊತ್ತ ಹೊಳೆಮತ್ತಿ ಬೇರುಸಹಿತ ಹೋಗುತ್ತದೆ. ಆಮೇಲೆ ಮೂಟೆ ಪೇರಿಸಿ, ಮಣ್ಣು ತುಂಬಿ, ಗಿಡ ನೆಟ್ಟು, ಅದು ಗೂಡಿನ ಭಾರ ಹೊರುವಷ್ಟು ಬೆಳೆಯಲು ಕಾಯಬೇಕು.

ಸುತ್ತು ಮುಗಿದು ದೋಣಿ ಕಟ್ಟೆಗೆ ಇನ್ನೂ ನಾಲ್ಕು ಮಾರು ಇರುವಾಗಲೇ, ಇಡೀ ದಾರಿ ಶಿಸ್ತಾಗಿ ಕೂತಿದ್ದವರೂ ಬಸ್ಸು ನಿಲ್ದಾಣ ಬಂದಂತೆ ಎದ್ದುಬಿಡುತ್ತಾರೆ. ದೋಣಿಯ ಮೂತಿ ಕಲ್ಲಿಗೆ ತಾಗಿ ಹಿಮ್ಮೆಟ್ಟುವುದು ಆ ಗಳಿಗೆಯಲ್ಲೇ. ನಿಂತವರು ಒಬ್ಬರ ಮೇಲೊಬ್ಬರು ಒರಗುತ್ತಾರೆ, ಒಂದು ಮೊಬೈಲ್ ಹೊಳೆ ಸೇರುತ್ತದೆ. ಹಗ್ಗ ಬಿಗಿದ ಮೇಲೆ, ಒಬ್ಬೊಬ್ಬರಾಗಿ, ದೋಣಿಯ ನಡುವೆ ಹೆಜ್ಜೆಯಿಟ್ಟು ಇಳಿಯಬೇಕು. ಅದನ್ನು ಹೇಳಲೆಂದೇ ಹುಟ್ಟಿನವರು ಹಿಂದಿನಿಂದ ಕೂಗುತ್ತಿರುತ್ತಾರೆ, ‘ಎದ್ದು ನಿಲ್ಲಬೇಡಿ ಸಾರ್.’